ಪುಟ್ಟತಾಯಕ್ಕನ ಗೊಡ್ಡೆಮ್ಮೆಗಳು

ನನ್ನ ವಾರಗಿತ್ತಿ ಪುಟ್ಟತಾಯಕ್ಕ ಕೈಯಾಡಿಸಿದರೆ ಮೂಳೆ ಚಕ್ಕಳದ ಎಮ್ಮೆಯೂ ಮೈ ತುಂಬಿಕೊಳ್ಳುತ್ತದೆ ಅಂತ ಊರೆಲ್ಲ ಹೇಳುತ್ತಿತ್ತು. ಬೆಳಕವಾಡಿಯ ನೆಂಟರ ಮನೆಗೆ ಹೋದರೂ ಅದೇ ಮಾತು. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು. ಮೋಟು ಗೋಡೆಯ ಆ ಕಡೆ ಅವಳ ಕೊಟ್ಟಿಗೆ, ಈ ಕಡೆ ನನ್ನದು.

ಹಾಲು ಬತ್ತಿದ, ಗಬ್ಬ ನಿಲ್ಲದ ಎಮ್ಮೆಗಳನ್ನು ಅವಳು ಅಗ್ಗಕ್ಕೆ ಕೊಂಡು, ಕೆಲವು ತಿಂಗಳು ಮೇಯಿಸಿ, ಮದ್ದೂರಿನ ರಹಮತ್ ಸಾಬರಿಗೆ ಮಾರುತ್ತಿದ್ದಳು. ಸಾಬರ ಲಾರಿ ಹತ್ತಿದ ಎಮ್ಮೆ ದೂರದ ಯಾವುದೋ ಕಾರ್ಖಾನೆ ಸೇರುತ್ತಿತ್ತು. ಅಲ್ಲಿಂದ ಅದರ ಬಾಡು ಐಸಿನಂತೆ ಗಟ್ಟಿಯಾಗಿ, ಡಬ್ಬದಲ್ಲಿ ಕೂತು ಹಡಗು ಹತ್ತುತ್ತಿತ್ತು. ಆಗಿನ್ನೂ ಕಾನೂನು ಇಷ್ಟು ಬಿಗಿಯಾಗಿರಲಿಲ್ಲ. ಹಗಲು ಅವಳನ್ನು ಬಾಯಿಗೆ ಬಂದಂತೆ ಬೈಯುವವರೇ, ತಮ್ಮ ಎಮ್ಮೆ ಬತ್ತಿದರೆ ಹಿತ್ತಲ ಬಾಗಿಲಿಂದ ತಂದು ಅವಳ ಕೊಟ್ಟಿಗೆಯಲ್ಲಿ ಕಟ್ಟಿ ಹೋಗುವರು. "ಬಯ್ಯೋರು ಬಯ್ಲಿ ಬುಡು. ಅವ್ರು ಕೈಬುಟ್ಟ ಎಮ್ಮೆಗೆ ಮೇವಿಕ್ಕೋಳು ನಾನೇ ತಾನೆ?" ಎಂದು ನಗುವಳು. ಆ ನಗುವೇ ನನಗೆ ಆಗುತ್ತಿರಲಿಲ್ಲ.

ಮೇವಿಗೆ ಅವಳು ಕಾಸು ಬಿಚ್ಚಿದವಳಲ್ಲ. ಕಬ್ಬು ಕಡಿಯುವ ಗದ್ದೆಗಳಿಂದ ಸೋಗೆ ಹೊತ್ತು ತರುವಳು. ಮಧ್ಯಾಹ್ನ ಎಮ್ಮೆಗಳನ್ನು ನಾಲೆಗೆ ಇಳಿಸಿ, ತಾನೂ ಸೊಂಟದವರೆಗೆ ನೀರಲ್ಲಿ ನಿಂತು ಮೈ ಉಜ್ಜುವಳು. "ಕೊಂಡ್ ತಂದ ಬೂಸ್ದಲ್ಲಿ ಲಾಬ ಎಲ್ಲದೆ? ತಿಂದದ್ದು ಬಾಡಾಗ್ಬೇಕು ಕಣಮ್ಮಿ, ಸಗಣಿ ಆಗ್ಬಾರ್ದು" ಅನ್ನುವಳು. ಲಾರಿ ಬಂದ ದಿನ ನಮ್ಮತ್ತೆ ನಾನಿಟ್ಟ ಮುದ್ದೆ ಬಿಟ್ಟು ಅವಳ ಮನೆಗೆ ಊಟಕ್ಕೆ ನಡೆಯುತ್ತಿದ್ದರು. "ಇರೀ ಸೊಸೆ ಕೈಲಿ ಲಕ್ಸ್ಮಿ ಅವ್ಳೆ" ಅಂತ ಒಂದು ಸಲ ನನ್ನ ಮುಖಕ್ಕೇ ಹೇಳಿದರು. ಆವತ್ತು ನಾನು ಊಟ ಮಾಡಲಿಲ್ಲ.

ಅವಳ ಎಮ್ಮೆಗಿಂತ ದಪ್ಪ ಎಮ್ಮೆಯನ್ನು ಆ ಲಾರಿಗೆ ಹತ್ತಿಸಿ ತೋರಿಸಲೇಬೇಕು ಅಂತ ಹಟ ಹಿಡಿದೆ. ನನ್ನ ಎಮ್ಮೆ ಗೌರಿ ಹಾಲು ನಿಲ್ಲಿಸಿ ಬಹಳ ಕಾಲವಾಗಿತ್ತು, ಗಬ್ಬವೂ ನಿಂತಿರಲಿಲ್ಲ. ಒಣಹುಲ್ಲಿನಲ್ಲೇ ಬಿದ್ದಿದ್ದ ಅದಕ್ಕೆ ಗಂಜಿ, ಬೂಸ, ಬೆಲ್ಲದ ನೀರು ಸುರಿದೆ. ಹೊಟ್ಟೆ ಪೀಪಾಯಿ ಆಯಿತು. ಸಾಬರು ಬಂದು ಬಾಲದ ಬುಡ ಒತ್ತಿ, ಬೆನ್ನು ಒತ್ತಿ, "ಬರೀ ಹೊಟ್ಟೆ ಕಣಮ್ಮ ಇದು. ಹೊಟ್ಟೇನ ಯಾವ ದೇಶದೋರೂ ತಗೋಳಲ್ಲ. ಬೆನ್ನಲ್ಲಿ ಬಾಡೇ ಇಲ್ವಲ್ಲ" ಅಂದುಬಿಟ್ಟರು. ಗೋಡೆಯಾಚೆ ಪುಟ್ಟತಾಯಕ್ಕ ಕಿಸಕ್ಕನೆ ನಕ್ಕಳು. ಆಮೇಲೆ ಸಾಬರು ಹೇಳಿದ ಬೆಲೆಗೆ ಇನ್ನಷ್ಟು ಸೇರಿಸಿ ಅವಳೇ ಗೌರಿಯನ್ನು ಕೇಳಿದಳು. ಹಾಳಾಗಿ ಹೋಗಲಿ ಅಂತ ಸಿಟ್ಟಿನಲ್ಲಿ ಕೊಟ್ಟುಬಿಟ್ಟೆ.

ಕೆಲವು ತಿಂಗಳಿಗೆ ಲಾರಿ ಬಂತು. ಎಲ್ಲ ಎಮ್ಮೆ ಹತ್ತಿದವು, ಗೌರಿ ಮಾತ್ರ ಗೂಟದಲ್ಲೇ ಉಳಿಯಿತು. ಗಬ್ಬ ನಿಂತಿದೆಯಂತೆ! ಅವಳ ಕೊಟ್ಟಿಗೆಗೆ ಓಡಿಹೋದೆ.

"ಅಕ್ಕ, ನನ್ನೆಮ್ಮೆ ನಂಗೆ ಕೊಟ್ಬುಡಕ್ಕ. ನಿನ್ ಕಾಸ ನೀನ್ ಈಸ್ಕೊ."

"ಯಾಕಮ್ಮಿ? ಗೊಡ್ಡು ಗೊಡ್ಡು ಅಂತ ನೀನೇ ತಾನೆ ಮಾರಿದ್ದು? ಆಲು ಕೊಡೋಗಂಟ ಬೂಸ ಇಕ್ದೆ. ಅದು ನಿಲ್ಸುತ್ಲೂ ನೀನೂ ನಿಲ್ಲಿಸ್ದೆ. ಅದು ಗೊಡ್ಡಲ್ಲ ಕಣಮ್ಮಿ, ಒಟ್ಟೆ ಅಸ್ಕೊಂಡಿತ್ತು. ಕೊಡಾಕಿಲ್ಲ ಓಗು."

ಬರಿಗೈಲಿ ಮನೆಗೆ ಬಂದೆ.

ಮುಂದೆ ಕಾನೂನು ಬಿಗಿಯಾಯಿತು, ಲಾರಿ ನಿಂತಿತು. ಇನ್ನು ಇಳಿಯುತ್ತೆ ಇವಳ ಜಂಬ ಅಂತ ಒಳಗೊಳಗೇ ಹಿಗ್ಗಿದೆ. ಎಲ್ಲಿ! ಗೌರಿಯ ಹಾಲು ಡೇರಿಗೆ ಹೊರಟಿತು. ನನ್ನ ಸೀಮೆಹಸುವಿನ ಹಾಲಿಗಿಲ್ಲದ ಫ್ಯಾಟು ಅದಕ್ಕೆ. ಡೇರಿಯ ಸಾಲಿನಲ್ಲಿ ಅವಳ ಹಿಂದೆ ಕ್ಯಾನು ಹಿಡಿದು ನಿಲ್ಲುವುದು ನನ್ನ ಹಣೆಬರಹವಾಯಿತು.

ಹೋದ ವರ್ಷ ಎದೆನೋವು ಅಂತ ಮಂಡ್ಯದ ಆಸ್ಪತ್ರೆಗೆ ಹೋದವಳು ಜೀವಂತ ವಾಪಸು ಬರಲಿಲ್ಲ. ತಿಥಿ ಮುಗಿದ ಮೇಲೆ ಅವಳ ಗಂಡ, ನಮ್ಮ ಭಾವ, ಗೌರಿಯನ್ನೂ ಅದರ ಈಚಿನ ಕರುವನ್ನೂ ನನ್ನ ಕೊಟ್ಟಿಗೆಗೆ ಹೊಡೆದುಕೊಂಡು ಬಂದರು. "ನಿನ್ನೆಮ್ಮೆ ನೀನೇ ಕಟ್ಕೊ ಕಣಮ್ಮ. ನನ್ ಕೈಲಾಗಾಕಿಲ್ಲ" ಅಂದರು. ಅಳುತ್ತಲೇ ಹಗ್ಗ ಹಿಡಿದೆ. ಸುಳ್ಳು ಯಾಕೆ ಹೇಳಲಿ, ಆ ಅಳುವಿನಲ್ಲೂ ಕೊನೆಗೆ ನಾನೇ ಗೆದ್ದೆ ಅನ್ನಿಸಿತು.

ಸಂಜೆ ಕರೆಯಲು ಕೂತರೆ ಗೌರಿ ಒಂದು ತೊಟ್ಟು ಹಾಲು ಇಳಿಸಲಿಲ್ಲ. ಕರು ಬಿಟ್ಟೆ, ಬೂಸ ಇಟ್ಟೆ, ಬೆನ್ನು ಸವರಿದೆ. ಒದ್ದ ಏಟಿಗೆ ಚೊಂಬು ಹಾರಿಹೋಯಿತು. ಮಾರನೆಯ ದಿನವೂ ಹೀಗೇ. ಕೆಚ್ಚಲು ಬಿಗಿದು ಅದು ಕೂಗಿಕೊಳ್ಳುವುದನ್ನು ಕೇಳಲಾರದೆ ಭಾವ ಪುಟ್ಟತಾಯಕ್ಕನ ಒಂದು ಹಳೇ ಸೀರೆ ತಂದು ನನ್ನ ಕೈಗಿಟ್ಟರು. ಒಗೆಯದ ಸೀರೆ, ಅವಳ ಬೆವರಿನ ವಾಸನೆ ಹಾಗೇ ಇತ್ತು.

"ತಿಥಿಗಂಟ ನಾನೂ ಇದ ಸುತ್ಕೊಂಡೇ ಕರ್ದೆ. ಉಟ್ಕೊಂಡು ಕುಂತ್ಕೊಳಮ್ಮ. ಮಾತಾಡ್ಬ್ಯಾಡ."

ಉಟ್ಟೆ. ಗೌರಿ ಕತ್ತು ತಿರುಗಿಸಿ ಸೆರಗು ಮೂಸಿತು. ಉಸ್ಸೆಂದು ಉಸಿರು ಬಿಟ್ಟು ಹಾಲು ಇಳಿಸಿತು.

ಈಗಲೂ ಬೆಳಗ್ಗೆ ಸಂಜೆ ನನ್ನ ಸೀರೆ ಬಿಚ್ಚಿಟ್ಟು ಅವಳದನ್ನು ಉಡುತ್ತೇನೆ. ತುಟಿ ಎರಡು ಮಾಡದೆ ಹಾಲು ಕರೆಯುತ್ತೇನೆ. ಆ ಸೀರೆಯನ್ನು ಒಗೆಯಲು ಮಾತ್ರ ನನಗಿನ್ನೂ ಧೈರ್ಯ ಬಂದಿಲ್ಲ.