ಪೇಟಿಯಲ್ಲಿಲ್ಲದ ಸ್ವರಗಳು

ಬೆಳಗಾವಿಯ ಕಾನ್ವೆಂಟಿನಲ್ಲಿ ನನಗೆ ಪಿಯಾನೋ ಕಲಿಸಿದ ಸಿಸ್ಟರು ಯುರೋಪಿನಿಂದ ಬಂದವರು. ಪಾಠ ಮುಗಿದ ಮೇಲೆ ಒಮ್ಮೊಮ್ಮೆ ತಮಗಾಗಿ ಒಂದು ಸಣ್ಣ ಕೃತಿ ನುಡಿಸುತ್ತಿದ್ದರು. ಅದಕ್ಕೆ ಆಧಾರ ಷಡ್ಜವೇ, ಮರಳಿ ಬಂದು ನಿಲ್ಲುವ ‘ಸಾ’ ಎಂಬುದೇ ಇರಲಿಲ್ಲ. ಹೇಳಬೇಕೆಂದ ಮಾತು ಗಂಟಲಲ್ಲೇ ನಿಂತವರನ್ನು ನೋಡಿದಂತೆ, ಕೇಳುತ್ತ ನನಗೆ ಕಣ್ಣು ತುಂಬುತ್ತಿತ್ತು. ಮೊದಲ ಮಹಾಯುದ್ಧಕ್ಕೂ ಮುಂಚೆ ಅವರ ಕಡೆಯ ಕೆಲವು ಸಂಗೀತಗಾರರು, ಹಳೆಯ ಸ್ವರಕಟ್ಟುಗಳು ತಮ್ಮ ಸಂಕಟಕ್ಕೆ ಸಾಲದೆ, ಹನ್ನೆರಡು ಸ್ವರಗಳನ್ನೂ ಸರಿಸಮ ಮಾಡಿ ಹೀಗೆ ಬರೆಯತೊಡಗಿದರಂತೆ. ನಾನು ಮದುವೆಯಾಗಿ ಜಮಖಂಡಿಗೆ ಹೊರಟಾಗ ಅದನ್ನು ಕೈಯಾರೆ ಬರೆದುಕೊಟ್ಟರು.

ಇಲ್ಲಿ ನಾನು ಮುಟ್ಟಬಹುದಾದ ಪಿಯಾನೋ ಎಲ್ಲಿಯದು? ಮನೆಯಲ್ಲಿದ್ದದ್ದು ಅತ್ತೆಯವರ ಭಜನೆಯ ಪೇಟಿ, ಅಂದರೆ ಹಾರ್ಮೋನಿಯಂ. ಎಡಗೈ ಗಾಳಿ ಹಾಕಬೇಕು, ನುಡಿಸುವುದು ಬಲಗೈಯೊಂದೇ. ಐದು ವರ್ಷ ಅರ್ಧ ಕೃತಿಯನ್ನೇ ನುಡಿಸಿದೆ. ಕಾಗದ ಮಡಿಕೆಗಳಲ್ಲಿ ಹರಿಯಿತು. ಎಡಗೈಯ ಭಾಗ ನೆನಪಿನಿಂದ ಜಾರತೊಡಗಿತು. ಪೂರ್ತಿಯಾಗಿ ಒಮ್ಮೆ ಕೇಳಿಬಿಡಬೇಕು, ಅಷ್ಟೇ ನನ್ನ ಆಸೆ.

ಒಂದು ಮಧ್ಯಾಹ್ನ ನಾನು ನುಡಿಸುತ್ತಿರುವಾಗ ಅತ್ತೆ ತಂಬೂರಿ ಹಿಡಿದು ಪಕ್ಕಕ್ಕೆ ಬಂದು ಕುಳಿತರು. ನನಗೆ ಶ್ರುತಿ ಸಿಗುತ್ತಿಲ್ಲವೆಂದುಕೊಂಡಿದ್ದರು.

“ಯಾವ ಸಾ ಬೇ ನಿಂದು? ಬಿಳಿ ಒಂದೋ, ಕರಿ ಎರಡೋ?”

ಪೇಟಿಯ ಕರಿ-ಬಿಳಿ ಪಟ್ಟಿಗಳತ್ತ ನೋಡುತ್ತ ತಂಬೂರಿಯ ಬಿರಡೆ ತಿರುವಿದರು, ಮತ್ತೆ ತಿರುವಿದರು. ನನ್ನ ಬೆರಳು ಎಲ್ಲೂ ನಿಲ್ಲಲಿಲ್ಲ.

“ಇದಕ್ಕ ಸಾ ಇಲ್ಲರೀ ಅತ್ತಿ.”

“ಅಂದ್ರ ದಿನಾಪೂರ್ತಿ ಓಣಿ ಓಣಿ ಅಡ್ಡಾಡೂದಷ್ಟ? ಮನಿಗೆ ಬರೂದ ಇಲ್ಲೇನು?”

ನಗು ಬಂತು. “ನೀವು ಕೇಳಿದ್ದೂ ಅರ್ಧಾನರೀ. ಇನ್ನರ್ಧ ಎಡಗೈದು.”

“ಹುಚ್ಚಿ! ಮೊದಲ ಹೇಳಬಾರದೇನ? ಗಾಳಿ ನಾ ಹಾಕತೇನಿ, ನೀ ಎರಡೂ ಕೈಲೆ ಬಾರಸು.”

ತಂಬೂರಿಯನ್ನು ಗೋಡೆಗೆ ಒರಗಿಸಿ, ಹಸಿರು ಬಳೆಗಳನ್ನು ಮೊಣಕೈಯತ್ತ ಏರಿಸಿಕೊಂಡು, ಎದುರು ಕುಳಿತು ಗಾಳಿ ಹಾಕತೊಡಗಿದರು. ಮೊದಲ ಸಾಲಿಗೇ ಕಾನ್ವೆಂಟಿನ ಮೇಣದ ವಾಸನೆ, ಸಿಸ್ಟರ ತೋಳಿಗೆ ಮೆತ್ತಿದ ಸೀಮೆಸುಣ್ಣ ಎಲ್ಲ ಬಂದವು. ಆದರೆ ಪೇಟಿ ಚಿಕ್ಕದು. ಕೃತಿಯ ತೀರ ಕೆಳಗಿನ ಸ್ವರ ಬಂದಾಗ ನನ್ನ ಕಿರುಬೆರಳು ಬರೀ ಮರದ ಮೇಲೆ ಬಿತ್ತು. ಟಕ್.

“ಅದೇನ ಅದು?”

“ಆ ಸ್ವರ ಈ ಪೇಟಿಯಾಗ ಇಲ್ಲರೀ. ಸಿಸ್ಟರ ಕಡೆ ಉಳದೈತಿ.”

ಅತ್ತೆ ಮತ್ತೆ ಗಾಳಿ ಹಾಕಿದರು. ಮುಂದಿನ ಸಲ ಟಕ್ ಎಂದಾಗ ನನ್ನ ಮುಖ ನೋಡಿದರು. ಗಾಳಿ ಹಾಕುವ ಕೈ ತಡೆದು, ನಾನು ಆ ಸ್ವರವನ್ನು ಒಳಗೇ ಕೇಳಿ ಮುಗಿಸುವವರೆಗೆ ಕಾದರು.