ಅರಿಶಿನ ಕುಂಕುಮದ ಜಾಗ

ನಮ್ಮ ಮನೆಯಲ್ಲೂ ಒಂದು ಕಂಪನಿ ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಅಪ್ಪ ಮತ್ತು ಅವರ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ತಿ. ನರಸೀಪುರದಲ್ಲಿ ಅವಲಕ್ಕಿ ಮಿಲ್ಲು ಹಾಕಿದರು. ಬರೀ ಮಿಲ್ಲು ಎಂದರೆ ಬ್ಯಾಂಕಿನಲ್ಲಿ ಕೂರಲು ಕುರ್ಚಿಯೂ ಸಿಗುವುದಿಲ್ಲ, ಪ್ರೈವೇಟ್ ಲಿಮಿಟೆಡ್ ಎಂದರೆ ಮ್ಯಾನೇಜರೇ ಎದ್ದು ನಿಲ್ಲುತ್ತಾರೆ ಎಂದು ಯಾರೋ ಕಿವಿಯಲ್ಲಿ ಊದಿದ್ದರು. ನಮ್ಮೂರು ಹೆಮ್ಮರಗಾಲದ ಗದ್ದೆಯಲ್ಲಿ ಭತ್ತ ಬಡಿಯುತ್ತಿದ್ದ ಅಣ್ಣತಮ್ಮ ಇಬ್ಬರೂ ಹೀಗೆ ಡೈರೆಕ್ಟರುಗಳಾದರು.

ಮಿಲ್ಲು ನಿಂತ ಜಾಗ ಮಾತ್ರ ಅಮ್ಮನದು. ನರಸೀಪುರ ಅವಳ ತವರು. ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ತವರಿನವರು ಬರೆದುಕೊಟ್ಟಿದ್ದರು. ಕಂಪನಿಯ ಹೆಸರಿಗೆ ಮಾಡಿದರೆ ಸಾಲ ಬೇಗ ಸಿಗುತ್ತದೆ ಎಂದು ಅಪ್ಪ ಹೇಳಿದರು. ಕಂಪನಿ ಅಂದರೆ ನಾವೇ ತಾನೇ ಎಂದು ದೊಡ್ಡಪ್ಪ ನಕ್ಕರು. ಅಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿ ಬಂದಳು. ಅವಳನ್ನೂ ಡೈರೆಕ್ಟರ್ ಮಾಡಬಹುದಿತ್ತು, ಇಬ್ಬರಿಗೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದು ಬರೆಯುವುದು ನನ್ನ ದೊಡ್ಡತನ.

ಗೌರಿಹಬ್ಬ ಕಳೆದ ಮೇಲೆ ನಂಜನಗೂಡಿನ ನಮ್ಮ ಮನೆಯಲ್ಲಿ ಕಂಪನಿಯ ವಾರ್ಷಿಕ ಸಭೆ. ಮೈಸೂರಿನಿಂದ ಆಡಿಟರು ಬರುತ್ತಿದ್ದರು, ಅಮ್ಮ ಉಪ್ಪಿಟ್ಟು ಮಾಡುತ್ತಿದ್ದಳು. ಆಡಿಟರು ಇಬ್ಬರ ಸಹಿ ಹಾಕಿಸಿಕೊಂಡು ಲೆಕ್ಕಪತ್ರವನ್ನೂ ವಾರ್ಷಿಕ ವರದಿಯನ್ನೂ ಬೆಂಗಳೂರಿನ ಕಂಪನಿ ರಿಜಿಸ್ಟ್ರಾರರಿಗೆ ಕಳಿಸುತ್ತಿದ್ದರು. ಮಿಲ್ಲು ಓಡಲಿ, ನಿಲ್ಲಲಿ, ಕಂಪನಿ ಬದುಕಿದೆ ಎಂದು ವರ್ಷ ವರ್ಷವೂ ತಿಳಿಸುತ್ತಿರಬೇಕು, ತಿಳಿಸದಿದ್ದರೆ ಸತ್ತಿತೆಂದು ಹೆಸರು ಹೊಡೆದುಹಾಕುತ್ತಾರೆ ಎಂದು ಪ್ರತಿ ಸಲವೂ ಎಚ್ಚರಿಸುತ್ತಿದ್ದರು. ಅಪ್ಪ ತಲೆಯಾಡಿಸಿ ಅವರ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿಸುತ್ತಿದ್ದರು.

ಅಂಗಡಿಗಳಿಗೆ ಪ್ಯಾಕೆಟ್ ಅವಲಕ್ಕಿ ಬಂದ ಮೇಲೆ ಮಿಲ್ಲು ನಿಂತಿತು. ಯಂತ್ರ ಮಾರಿ ಸಾಲ ತೀರಿಸಿದರು. ಸ್ವಲ್ಪ ದಿನಕ್ಕೇ ದೊಡ್ಡಪ್ಪ ತೀರಿಕೊಂಡರು. ಅವರ ಹೆಸರು ತೆಗೆಸಿ, ಅಮ್ಮನನ್ನು ಡೈರೆಕ್ಟರ್ ಮಾಡಿ ವರದಿ ಕಳಿಸೋಣ ಎಂದರು ಆಡಿಟರು. ಅಪ್ಪ ಒಪ್ಪಲಿಲ್ಲ. ನಮ್ಮ ಕಡೆ ಸತ್ತವರ ಹೆಸರನ್ನು ಜಮೀನಿನ ಪಹಣಿಯಿಂದ ಯಾರೂ ಬೇಗ ತೆಗೆಸುವುದಿಲ್ಲ. ತೆಗೆಸಿದರೆ ಪಾಲಿಗೆ ಬಾಯಿ ಬಿಡುತ್ತಿದ್ದಾರೆ ಎಂದು ಊರು ಆಡಿಕೊಳ್ಳುತ್ತದೆ.

“ನಮ್ ಪಾಣಿ ಇನ್ನೂ ಮುತ್ತಾತನ್ ಎಸ್ರಲ್ಲೇ ಅದೆ. ಭೂಮಿ ಏನ್ ಎದ್ದೋಯ್ತಾ?” ಎಂದರು ಅಪ್ಪ. “ನಾನಿರೋಗಂಟ ನಮ್ಮಣ್ಣನ್ ಎಸ್ರು ಅಲ್ಲೇ ಇರ್ಲಿ.”

ಅಣ್ಣನೆಂದರೆ ಎಷ್ಟು ಪ್ರಾಣ ಎಂದು ನೆಂಟರು ಕಣ್ಣೊರೆಸಿಕೊಂಡರು. ಕಂಪನಿಗೂ ಗದ್ದೆಗೂ ಇರುವ ವ್ಯತ್ಯಾಸ ಅಲ್ಲಿದ್ದ ಯಾರಿಗೂ ಬೇಕಿರಲಿಲ್ಲ. ಎರಡನೆಯ ಸಹಿಯಿಲ್ಲದೆ ಸಭೆ ನಿಂತಿತು, ವರದಿಯೂ ನಿಂತಿತು. ಬೆಂಗಳೂರಿನಿಂದ ಬಂದ ನೋಟಿಸುಗಳನ್ನು ಅಪ್ಪ ದೇವರ ಪಟದ ಹಿಂದೆ ಸಿಕ್ಕಿಸಿದರು, ನಂಜುಂಡಪ್ಪನೇ ಇಳಿದು ಬಂದು ಉತ್ತರ ಬರೆಯುತ್ತಾನೇನೋ ಎಂಬಂತೆ.

ಅಮ್ಮನಿಗೆ ಇದ್ದದ್ದು ಒಂದೇ ಆಸೆ. ಆ ಜಾಗದಲ್ಲಿ ಎರಡು ಕೋಣೆ ಕಟ್ಟಿಸಿ, ತಾಲ್ಲೂಕು ಕಚೇರಿಗೆ ಬಂದುಹೋಗುವವರಿಗೆ ಊಟ ಹಾಕುವ ಮೆಸ್ಸು ನಡೆಸಬೇಕು. ಜೀವಮಾನವೆಲ್ಲ ಬೇರೆಯವರ ಸಭೆಗೆ ಬೇಯಿಸಿದವಳು, ಒಮ್ಮೆ ತನಗಾಗಿ ಬೇಯಿಸಬೇಕೆಂದುಕೊಂಡಳು. ಅದಕ್ಕೆ ಜಾಗ ಮತ್ತೆ ಅವಳ ಹೆಸರಿಗೆ ಬರಬೇಕಿತ್ತು. ನಾವು ಮೂವರೂ ಮೈಸೂರಿಗೆ ಹೋದೆವು. ಆಗ ತಾನೇ ಎಲ್ಲ ಕಂಪ್ಯೂಟರಿಗೆ ಬಂದಿತ್ತು. ಆಡಿಟರು ಹುಡುಕಿ ನೋಡಿ ಕನ್ನಡಕ ತೆಗೆದಿಟ್ಟರು. ವರದಿ ಕೊಡದ ಕಂಪನಿಗಳ ಜೊತೆ ನಮ್ಮದನ್ನೂ ರಿಜಿಸ್ಟರಿನಿಂದ ತೆಗೆದುಹಾಕಿ ಬಹಳ ಕಾಲವಾಗಿತ್ತು.

“ಇಲ್ಲದ ಕಂಪನಿ ನಿಮಗೆ ಹೇಗಮ್ಮ ಕ್ರಯ ಬರೆದುಕೊಡುತ್ತೆ?” ಎಂದರು.

ಹೈಕೋರ್ಟಿಗೆ ಹೋಗಿ ಕಂಪನಿಗೆ ಮತ್ತೆ ಜೀವ ಕೊಡಿಸಬಹುದು, ಆದರೆ ಓಡಾಟ ಬಹಳ ಎಂದೂ ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ, ನಮ್ಮ ವಂಶದಲ್ಲಿ ಯಾರೂ ಕೋರ್ಟು ಮೆಟ್ಟಿಲು ಹತ್ತಿದವರಲ್ಲ ಎಂದರು, ಅದೂ ಹೆಮ್ಮೆಯಿಂದ. ಅಮ್ಮ ನಂಜನಗೂಡು ಬರುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅವತ್ತು ಅಪ್ಪನ ಮೇಲೆ ಹತ್ತಿದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ, ನಾನು ಇಟ್ಟುಕೊಂಡಿದ್ದೇನೆ.

ಕೆಲವು ವರ್ಷಕ್ಕೆ ಅಪ್ಪನೂ ಹೋದರು. ತಿಥಿ ಮುಗಿದ ಮಾರನೆಯ ದಿನವೇ ಅಮ್ಮ ತಾಲ್ಲೂಕು ಕಚೇರಿಗೆ ಹೊರಟಳು. ಪಹಣಿ, ರೇಷನ್ ಕಾರ್ಡು, ಕರೆಂಟು ಬಿಲ್ಲು, ಎಲ್ಲದರಲ್ಲೂ ಸತ್ತವರ ಹೆಸರು ತೆಗೆಸಿ ತನ್ನದನ್ನು ಹಾಕಿಸಬೇಕೆಂದಳು. ದೊಡ್ಡಪ್ಪ ಹೋದಾಗಿನಿಂದ ನಮ್ಮ ಜೊತೆಯೇ ಇದ್ದ ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತರು. ಎಡೆ ಇಟ್ಟ ಎಲೆ ಇನ್ನೂ ಒಣಗಿಲ್ಲ, ಜನ ಏನಂದುಕೊಳ್ಳುತ್ತಾರೆ ಎಂದು ಕೇಳಿದರು.

“ಅಂದ್ಕೊಳ್ಲಿ ಬುಡಕ್ಕ,” ಎಂದಳು ಅಮ್ಮ. “ಸತ್ತೋರ್ ಎಸ್ರು ಉಳ್ಸಕ್ಕೋಗಿ ಬದುಕಿರೋಳ್ ಜಾಗ ಕಳದ್ರು.”

ದೊಡ್ಡಮ್ಮ ಬಾಗಿಲು ಬಿಟ್ಟು ಸರಿದರು. ಒಳಗೆ ಹೋಗಿ ತಮ್ಮ ರೇಷನ್ ಕಾರ್ಡನ್ನು ತಂದು ಅಮ್ಮನ ಕೈಗಿಟ್ಟರು. ಅದರಲ್ಲಿ ಮನೆಯ ಯಜಮಾನ ಇನ್ನೂ ದೊಡ್ಡಪ್ಪನೇ ಆಗಿದ್ದರು.