ಮುನ್ನೂರ ಅರವತ್ತೈದು ದಿನದ ಲಾಗಿನ್

ರಾಯಚೂರಿನ ತೀನ್ ಕಂದೀಲ್ ಹತ್ತಿರ ಅಮೀರ್ ಸಾಬರ ಫ್ಲೆಕ್ಸ್ ಅಂಗಡಿ ಇದೆ. ಅದರ ಮೇಲಿನ ಒಂದೇ ಒಂದು ಕೋಣೆಯಲ್ಲಿ ಕೂತು ಯಶೋದಾ ವೆಬ್‌ಸೈಟುಗಳನ್ನು ಕಟ್ಟುತ್ತಾಳೆ. ಬೇಸಿಗೆಯಲ್ಲಿ ಆ ಕೋಣೆ ರೊಟ್ಟಿಯ ಹಂಚಿನಂತೆ ಕಾಯುತ್ತದೆ. ಕೂಲರು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತದೆ. ಅವಳು ಮಾಡುವ ಕೆಲಸ ಏನೆಂದು ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ತಾಯಿ ಬಂಡೆಮ್ಮ ಕೇಳಿದವರಿಗೆಲ್ಲ "ನಮ್ಮಾಕಿ ಕಂಪ್ಯೂಟರ್ ರಿಪೇರಿ ಮಾಡ್ತಾಳ" ಎಂದು ಹೇಳಿಬಿಟ್ಟಿದ್ದಾಳೆ. ಹಾಗಾಗಿ ವರ್ಷಕ್ಕೆ ನಾಲ್ಕಾರು ಜನ ಕೆಟ್ಟ ಮಿಕ್ಸಿ, ಟಿವಿ ರಿಮೋಟು ಹಿಡಿದು ಮೆಟ್ಟಿಲು ಹತ್ತುತ್ತಾರೆ. ಯಶೋದಾಗೆ ಮೂಗಿನ ತುದಿಯಲ್ಲೇ ಸಿಟ್ಟು. ಮೊದಲು ಬೈಯುತ್ತಾಳೆ, ಆಮೇಲೆ ರಿಮೋಟಿಗೆ ಹೊಸ ಸೆಲ್ಲು ಹಾಕಿ ಕಳಿಸುತ್ತಾಳೆ.

ಅವಳು ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಬಾಗಲವಾಡದಲ್ಲಿ. ತಂದೆ ಬೂದೆಪ್ಪನಿಗೆ ಎಂಬತ್ತು ಕುರಿಗಳಿದ್ದವು. ಹತ್ತನೇ ತರಗತಿಯವರೆಗೂ ತಬ್ಬಲಿ ಕುರಿಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿಯೇ ಅವಳು ಶಾಲೆಗೆ ಹೋಗಬೇಕಿತ್ತು. ಮಾನ್ವಿಯಲ್ಲಿ ಪಿಯುಸಿ, ರಾಯಚೂರಿನಲ್ಲಿ ಡಿಪ್ಲೊಮಾ ಮುಗಿಸಿದಳು. ಹೈದರಾಬಾದಿನಿಂದ ಕೆಲಸಕ್ಕೆ ಕರೆ ಬಂದಾಗ ಹೋಗಲಿಲ್ಲ. ಕಾರಣ ದೊಡ್ಡದೇನಲ್ಲ, ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡುವುದು ಅವಳ ಜಾಯಮಾನಕ್ಕೆ ಒಗ್ಗದು. ತಾನು ಕಟ್ಟಿದ್ದು ಕೆಟ್ಟು ನಿಂತಿತು ಎಂದು ಇದುವರೆಗೆ ಯಾರೂ ಹೇಳಿಲ್ಲ ಎಂಬ ಜಂಬವೂ ಅವಳಿಗೆ ಸ್ವಲ್ಪ ಇತ್ತು. ಸ್ವಲ್ಪವೇನು, ಸಾಕಷ್ಟು ಇತ್ತು.

ಎರಡು ವರ್ಷದ ಹಿಂದೆ ದೇವದುರ್ಗದ ಒಂದು ಕುರಿಗಾರರ ಸಂಘ ಅವಳನ್ನು ಹುಡುಕಿಕೊಂಡು ಬಂತು. ಆ ಸಂಘದಲ್ಲಿ ನಲವತ್ತು ಹೆಂಗಸರು ಪಶುಸಖಿಯರಾಗಿದ್ದರು. ಕುರಿಗಳು ಮೇಯಲು ಹೊರಡುವ ಮೊದಲೇ ಇವರು ದೊಡ್ಡಿಗೆ ಹೋಗಿ ಲಸಿಕೆಯ ಸೂಜಿ ಚುಚ್ಚುತ್ತಾರೆ, ಜಂತಿನ ಔಷಧ ಕುಡಿಸುತ್ತಾರೆ. ಯಾವ ದೊಡ್ಡಿ, ಎಷ್ಟು ಕುರಿ, ಯಾವ ಲಸಿಕೆ ಎಂಬುದನ್ನು ಅಲ್ಲೇ ನಿಂತು ಫೋನಿನಲ್ಲಿ ಬರೆಯಬೇಕು. ಅದಕ್ಕೊಂದು ವ್ಯವಸ್ಥೆ ಬೇಕಾಗಿತ್ತು. ಕುರಿಯ ವಾಸನೆಯಲ್ಲೇ ಬೆಳೆದ ಯಶೋದಾ ಅದನ್ನು ಮನಸ್ಸಿಟ್ಟು ಕಟ್ಟಿದಳು.

ಒಳಗೆ ಬರಲು ಲಾಗಿನ್ ಇಟ್ಟಳು. ಹೆಸರು ಬರೆಸುವಾಗ ಕೊಟ್ಟ ನಂಬರಿಗೆ ಒಟಿಪಿ ಬರುತ್ತದೆ, ಅದನ್ನು ಒತ್ತಿದರೆ ಆಯಿತು. ಹೀಗೆ ಒಳಗೆ ಬಂದವರನ್ನು ಯಂತ್ರ ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಎಂಬುದನ್ನು ಕಟ್ಟುವವರೇ ತೀರ್ಮಾನಿಸಬೇಕು. ಆ ಅವಧಿಗೆ ಸೆಷನ್ ಎನ್ನುತ್ತಾರೆ. ಯಶೋದಾ ಅರ್ಧ ಗಂಟೆ ಇಟ್ಟಳು. ಅರ್ಧ ಗಂಟೆ ಸುಮ್ಮನಿದ್ದರೆ ಯಂತ್ರ ಮರೆತುಬಿಡುತ್ತದೆ, ಮತ್ತೆ ಒಟಿಪಿ ಕೇಳುತ್ತದೆ. ಅವಳು ಓದಿದ ಕಡೆಯೆಲ್ಲ ಹಾಗೆಯೇ ಬರೆದಿತ್ತು.

ಬರೆದವರಿಗೆ ದೇವದುರ್ಗ ಗೊತ್ತಿರಲಿಲ್ಲ. ಮೊದಲ ವಾರವೇ ಹೆಂಗಸರ ಫೋನುಗಳು ಶುರುವಾದವು. ಹೆಸರು ಬರೆಸುವಾಗ ಎಲ್ಲರೂ ಗಂಡಂದಿರ ನಂಬರು ಕೊಟ್ಟಿದ್ದರು. ಗಂಡಂದಿರು ಆ ನಂಬರನ್ನು ಜೇಬಿನಲ್ಲಿಟ್ಟುಕೊಂಡು ಹೈದರಾಬಾದಿಗೋ ಪುಣೆಗೋ ಗುಳೆ ಹೋಗಿದ್ದರು. "ಮೇಡಮ್ಮಾರ, ಸೂಜಿ ಕೈಯಾಗ ಹಿಡಕೊಂಡು ನಿಂತೀನಿ, ಒಟಿಪಿ ಪುಣೆಕ್ಕ ಹೋಗ್ಯಾದ, ನಮ್ಮ ಮನಿಯವ್ರು ಫೋನ್ ಎತ್ತವಲ್ರು" ಎಂದು ಒಬ್ಬಳು ಅಳುವುದೊಂದೇ ಬಾಕಿ. ಗಾರೆ ಕೆಲಸದವನು ಹತ್ತನೇ ಮಹಡಿಯ ಸಾರುವೆಯ ಮೇಲೆ ನಿಂತು ಫೋನು ಎತ್ತುವುದಾದರೂ ಹೇಗೆ? ಯಶೋದಾ ಅವತ್ತೇ ಅರ್ಧ ಗಂಟೆಯನ್ನು ಅಳಿಸಿ ಮುನ್ನೂರ ಅರವತ್ತೈದು ದಿನ ಎಂದು ಬರೆದಳು. ಒಂದೇ ಸಾಲಿನ ಬದಲಾವಣೆ. ಆಮೇಲೆ ಒಬ್ಬರೂ ಫೋನು ಮಾಡಲಿಲ್ಲ. ಸಂಘದ ಕಾರ್ಯದರ್ಶಿ ನಾಗೇಶ ಮಾತ್ರ ಮಾಡಿ, "ಭಾಳ ಚಲೋ ಆತ್ರಿ ಮೇಡಂ" ಎಂದು ಹೊಗಳಿದ.

ಹೋದ ಡಿಸೆಂಬರಿನ ಒಂದು ಮಂಗಳವಾರ ಹನ್ನೊಂದರ ಸುಮಾರಿಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಯಶೋದಾ ತಲೆ ಎತ್ತದೆಯೇ ಕೇಳಿದಳು.

"ಏನು ಕೆಟ್ಟಾದ? ಮಿಕ್ಸಿನೋ ರಿಮೋಟೋ?"

"ಏನೂ ಕೆಟ್ಟಿಲ್ರಿ ಮೇಡಮ್ಮಾರ. ದೇವದುರ್ಗದ ಕಡಿಂದ ಬಂದೀನ್ರಿ. ಪಕೀರಮ್ಮ ಅಂತ. ಕುರಿಗಿ ಸೂಜಿ ಮಾಡ್ತೀನಿ."

ಯಶೋದಾ ಎದ್ದು ಕುರ್ಚಿ ಎಳೆದಳು. ಪಕೀರಮ್ಮ ಕುರ್ಚಿ ಬಿಟ್ಟು ನೆಲದ ಮೇಲೆಯೇ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಬಂದ ಕೆಲಸ ಹೇಳಿದಳು. ಶನಿವಾರ ದೇವದುರ್ಗದಲ್ಲಿ ಸಂಘದ ಸಭೆ. ಕೆಲಸ ಮಾಡದ ಪಶುಸಖಿಯರನ್ನು ತೆಗೆದು ಅವರ ಜಾಗಕ್ಕೆ ಬೇರೆಯವರನ್ನು ಹಾಕುತ್ತಾರೆ. ಆ ಪಟ್ಟಿಯಲ್ಲಿ ಮೊದಲ ಹೆಸರೇ ಅವಳದು.

"ಜುಲೈದಿಂದ ಈಚಿಗಿ ನಾ ಒಂದು ಕುರಿಗೂ ಸೂಜಿ ಮಾಡಿಲ್ಲ ಅಂತ ಕಂಪ್ಯೂಟರ್ ಹೇಳ್ತದಂತ್ರಿ. ದಿನಾ ಮುಂಜಾನಿ ಎದ್ದು ದೊಡ್ಡಿ ದೊಡ್ಡಿ ತಿರುಗೀನಿ. ಹೋಗೇ ಇಲ್ಲ ಅಂತ ಅದು ಹ್ಯಾಂಗ ಅಂತದ್ರಿ? ಊರಾಗ ಈಗ ದೊಡ್ಡ ದೊಡ್ಡವ್ರೂ ಸೂಜಿ ಅಕ್ಕಾ ಅಂತ ಕರೀತಾರ್ರಿ ನಂಗ. ಇದನ್ನ ಕಸಗೊಂಡ್ರ ನಾ ಮತ್ತ ಜಾಲಿ ಕಟ್ಟಿಗಿ ಆರಿಸೋ ಪಕೀರಿ ಆಗ್ತೀನಿ."

ಯಶೋದಾಗೆ ಮೊದಲು ಬಂದದ್ದು ಸಿಟ್ಟೇ. ತಾನು ಕಟ್ಟಿದ್ದು ಸುಳ್ಳು ಹೇಳುತ್ತದೆ ಎಂದರೆ ಹೇಗೆ ಬರಬಾರದು? ಕಂಪ್ಯೂಟರಿನಲ್ಲಿ ಪಕೀರಮ್ಮನ ಹೆಸರು ತೆಗೆದು ನೋಡಿದಳು. ಜುಲೈ ಎರಡನೇ ವಾರದಿಂದ ಖಾಲಿ.

"ಯಾವ ಫೋನಿನ್ಯಾಗ ಬರೀತೀರಿ?"

"ಅಕ್ಕನ ಫೋನಿನ್ಯಾಗ್ರಿ. ನಂದು ಜುಲೈದಾಗ ಟಗರು ತುಳದು ಒಡದುಬಿಡ್ತು."

ಅಕ್ಕ ಎಂದರೆ ನೆಗೆಣ್ಣಿ ಭೀಮವ್ವ, ಪಕೀರಮ್ಮನ ಗಂಡನ ಅಣ್ಣನ ಹೆಂಡತಿ. ಅವಳೂ ಪಶುಸಖಿಯೇ. ಇಬ್ಬರೂ ಒಂದೇ ಮನೆಯಲ್ಲಿದ್ದರು.

"ಬರಿಯೋವಾಗ ಮ್ಯಾಲ ಭೀಮವ್ವ ಅಂತ ಹೆಸರು ಕಾಣ್ತದಲ್ಲ?"

"ಕಾಣ್ತದ್ರಿ. ಫೋನು ಅಕ್ಕಂದಲ್ಲೇನ್ರಿ, ಅದಕ್ಕ ಅಕ್ಕನ ಹೆಸರು ಅದ." ಇಷ್ಟು ಸರಳವಾದದ್ದು ಇವಳಿಗೆ ತಿಳಿಯದೇ ಎಂಬಂತೆ ಪಕೀರಮ್ಮ ಅವಳನ್ನು ನೋಡಿದಳು.

ಯಶೋದಾ ಭೀಮವ್ವನ ಹೆಸರು ತೆಗೆದಳು. ಜುಲೈಯಿಂದ ನಾನೂರ ಹನ್ನೆರಡು ದೊಡ್ಡಿ. ತಾಲ್ಲೂಕಿನಲ್ಲೇ ಹೆಚ್ಚು. ದಸರೆಯಲ್ಲಿ ಸಂಘದವರು ಭೀಮವ್ವನಿಗೆ ಶಾಲು ಹೊದಿಸಿದ ಫೋಟೊ ಮುಖಪುಟದಲ್ಲಿತ್ತು. ಅದನ್ನು ಹಾಕಿದವಳೂ ಯಶೋದಾಳೇ.

ಒಂದು ವರ್ಷ ಯಾರನ್ನೂ ಮರೆಯಬೇಡ ಎಂದು ಯಂತ್ರಕ್ಕೆ ಹೇಳಿದವಳು ತಾನೇ. ಅದು ಭೀಮವ್ವನನ್ನು ಮರೆಯಲಿಲ್ಲ. ಹಾಗಾಗಿ ಪಕೀರಮ್ಮ ಬಂದದ್ದು ಅದಕ್ಕೆ ತಿಳಿಯಲೇ ಇಲ್ಲ.

ತಪ್ಪಿಸಿಕೊಳ್ಳಲು ದಾರಿ ಇತ್ತು. ಇನ್ನೊಬ್ಬರ ಫೋನು ಬಳಸುವ ಮುನ್ನ ಲಾಗೌಟ್ ಮಾಡಬೇಕು ಎಂದು ಅವಳೇ ಬರೆದ ತರಬೇತಿಯ ಕೈಪಿಡಿಯಲ್ಲಿ ಅಚ್ಚಾಗಿತ್ತು. "ನೀವು ಮಾಡಿಲ್ಲ, ನಾನೇನು ಮಾಡಲಿ" ಎಂದರೆ ಮುಗಿಯಿತು, ಸುಳ್ಳೂ ಆಗುವುದಿಲ್ಲ. ಮೇಲಾಗಿ ಸಂಘದವರು ಇಡೀ ಜಿಲ್ಲೆಯ ಕೆಲಸವನ್ನು ಅವಳಿಗೇ ಕೊಡುವ ಮಾತಾಡುತ್ತಿದ್ದರು; ಈಗ ಬಾಯಿ ಬಿಟ್ಟರೆ ಅದು ಕೈತಪ್ಪಬಹುದು. ಆದರೆ ಲಾಗೌಟ್ ಮಾಡಿದ್ದರೆ ಒಟಿಪಿ ಹೈದರಾಬಾದಿನಲ್ಲಿರುವ ಪಕೀರಮ್ಮನ ಗಂಡ ದುರುಗೇಶನಿಗೆ ಹೋಗುತ್ತಿತ್ತು, ಭೀಮವ್ವ ಮತ್ತೆ ಒಳಗೆ ಬರಬೇಕೆಂದರೆ ಅವಳ ಗಂಡನಿಗೆ. ಯಾರಿಂದಲೂ ಆಗದ್ದನ್ನು ಮಾಡಿ ಎಂದು ಬರೆದಿಟ್ಟು ಕೈತೊಳೆದುಕೊಂಡಿದ್ದಳು. ಯಶೋದಾಗೆ ನಾಚಿಕೆಯಾಯಿತು.

"ತಪ್ಪು ನಿಮ್ಮದಲ್ರಿ ಅಕ್ಕಾರ," ಎಂದಳು. "ನಂದು."

"ನಿಮ್ದು ಹ್ಯಾಂಗ ಆಗ್ತದ್ರಿ?" ಪಕೀರಮ್ಮನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ನೀವು ಇಲ್ಲಿ ರಾಯಚೂರಾಗ ಇದ್ರಿ."

ಯಶೋದಾ ಬಿಡಿಸಿ ಹೇಳಿದಳು. ಪಕೀರಮ್ಮ ಕೊನೆಯವರೆಗೂ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ಇದನ್ನ ಶನಿವಾರ ಅಲ್ಲಿ ಬಂದು ಎಲ್ಲಾರ ಮುಂದ ಹೇಳ್ತೀರೇನ್ರಿ?"

"ಬರ್ತೀನಿ."

ಶನಿವಾರ ದೇವದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಗಬ್ಬೂರಿನಲ್ಲಿ ಹತ್ತು ಹನ್ನೆರಡು ಜನ ಹತ್ತಿದರು. ಕಂಡಕ್ಟರು ಹೊಸದಾಗಿ ಹತ್ತಿದವರನ್ನಷ್ಟೇ ಹಿಡಿದು "ಎಲ್ಲಿಗ್ರಿ?" ಎಂದು ಕೇಳುತ್ತ ಹೋದ. ರಾಯಚೂರಿನಿಂದ ಕೂತವರ ಗೋಜಿಗೆ ಹೋಗಲಿಲ್ಲ. ಯಶೋದಾ ಅದನ್ನೇ ನೋಡುತ್ತ ಕೂತಳು. ಮೊದಲು ತಾನು ಕೂತವರನ್ನೇ ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಟಿಕೆಟ್ ಕೇಳಿದ್ದಳು. ಆಮೇಲೆ, ಹೊಸದಾಗಿ ಹತ್ತಿದವರನ್ನೂ ಕೇಳುವುದನ್ನು ಬಿಟ್ಟಿದ್ದಳು. ಇಷ್ಟು ವರ್ಷ ಇದೇ ಬಸ್ಸುಗಳಲ್ಲಿ ಓಡಾಡಿಯೂ ಇದು ತಲೆಗೆ ಹೊಳೆಯಲಿಲ್ಲವಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು.

ಸಭೆಯಲ್ಲಿ ನಾಗೇಶ ಪಟ್ಟಿ ಓದುವ ಮೊದಲೇ ಅವಳು ಎದ್ದು ನಿಂತಳು. ಸುತ್ತಿ ಬಳಸಿ ಮಾತಾಡಲಿಲ್ಲ. ಯಂತ್ರ ಪಕೀರಮ್ಮನ ಕೆಲಸವನ್ನು ಭೀಮವ್ವನ ಹೆಸರಿಗೆ ಬರೆದಿದೆ, ಹಾಗೆ ಬರೆಯುವಂತೆ ಮಾಡಿದವಳು ನಾನು ಎಂದಳು. ನಾಗೇಶನ ಮುಖ ಕೆಂಪಾಯಿತು.

"ಆತ್ರಿ ಮೇಡಂ. ಹಂಗಾದ್ರ ನಾನೂರ ಹನ್ನೆರಡರಾಗ ಯಾವುದು ಯಾರದು? ನಿಮ್ಮ ಕಂಪ್ಯೂಟರ್ ಹೇಳ್ತದೇನು?"

"ಇಲ್ರಿ. ಅದಕ್ಕ ಗೊತ್ತಿಲ್ಲ."

"ಮತ್ತ ನಾವು ಪಕೀರಮ್ಮನ ಬಾಯಿಮಾತು ನಂಬಬೇಕೇನು?"

ಪಕೀರಮ್ಮ ತಲೆ ತಗ್ಗಿಸಿ ಕಾಲಬೆರಳು ನೋಡುತ್ತಿದ್ದಳು. ಆಗ ಮುಂದಿನ ಸಾಲಿನಿಂದ ಭೀಮವ್ವ ಎದ್ದಳು. ದಪ್ಪ ಮೈ, ದೊಡ್ಡ ಕುಂಕುಮ, ಮನೆಯಲ್ಲಿ ಅವಳ ಮಾತಿಗೆ ಎದುರಾಡುವವರಿಲ್ಲ.

"ನಂಗ ಗೊತ್ತದ. ನಾ ಹೇಳ್ತೀನಿ, ಬರಕೋರಿ." ನಾಗೇಶನ ಕಡೆ ತಿರುಗಿ ಹೇಳಿದಳು: "ದಸರಾದಾಗ ಶಾಲು ಹೊದಿಸೋವಾಗ ನೀವು ಲೆಕ್ಕ ಓದಿದ್ರಲ್ಲ, ಇಷ್ಟೆಲ್ಲ ನಾ ಯಾವಾಗ ಮಾಡೀನಿ ಅಂತ ನಂಗೂ ಅನಿಸ್ತು. ಎಲ್ಲಾರೂ ಚಪ್ಪಾಳಿ ಹೊಡದ್ರು, ಸುಮ್ಮನ ಕುಂತೆ. ಇಕಿನೂ ಚಪ್ಪಾಳಿ ಹೊಡದ್ಲು ನೋಡ್ರಿ, ಅದನ್ನ ನೆನಸಿದ್ರ ಅನ್ನ ಇಳಿಯವಲ್ದು."

ಹನ್ನೊಂದಕ್ಕೆ ಕೂತವರು ಎದ್ದದ್ದು ನಾಲ್ಕಕ್ಕೆ. ಯಶೋದಾ ತಾರೀಖು ಮತ್ತು ದೊಡ್ಡಿಯ ಹೆಸರು ಓದುತ್ತ ಹೋದಳು, ಭೀಮವ್ವ ಹೇಳುತ್ತ ಹೋದಳು. "ಅವತ್ತು ನಂಗ ಜ್ವರ. ಇಕಿ ಹೋಗ್ಯಾಳ." "ಅದು ನಂದು." "ಹಳ್ಳದ ದಂಡಿ ದೊಡ್ಡೀನಾ? ಅಲ್ಲಿ ಕೋಡು ಮುರದ ಟಗರು ಇಕಿ ಮೊಣಕಾಲಿಗಿ ಹಾಯ್ದಿತ್ತು. ಇಕಿ ಹೆಸರಿಗಿ ಬರೀರಿ." ಎರಡೇ ಸಲ ನೆಗೆಣ್ಣಿಯರಿಗೆ ಹೊಂದಲಿಲ್ಲ, ಎರಡೂ ಸಲ ಅದು ಆಕೀದು ಎಂದೇ ಇಬ್ಬರೂ ಹಟ ಹಿಡಿದರು. ಕೊನೆಗೆ ಪಕೀರಮ್ಮನಿಗೆ ಇನ್ನೂರ ಮೂವತ್ತೊಂಬತ್ತು, ಭೀಮವ್ವನಿಗೆ ನೂರ ಎಪ್ಪತ್ಮೂರು ಬಂತು. ನಾಗೇಶ ಪಟ್ಟಿಯ ಮೊದಲ ಹೆಸರಿನ ಮೇಲೆ ಗೆರೆ ಎಳೆದ.

ಯಶೋದಾ ಹೊರಡುವಾಗ ಅವನು, "ಜಿಲ್ಲಾದ ಕೆಲಸ ಮುಂದ ನೋಡೋಣ್ರಿ ಮೇಡಂ" ಎಂದ. ಮುಂದೆ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಅದು ಅವಳಿಗೂ ಗೊತ್ತು. ಬಸ್‌ಸ್ಟ್ಯಾಂಡಿನಲ್ಲಿ ಒಂದು ಪ್ಲೇಟು ಮಿರ್ಚಿ ತಿಂದು ರಾಯಚೂರಿನ ಬಸ್ಸು ಹತ್ತಿದಳು.

ಮುಂದಿನ ಎಂಟು ದಿನ ಅವಳು ಬೇರೆ ಕೆಲಸ ಮುಟ್ಟಲಿಲ್ಲ. ಒಂದು ಫೋನಿನಲ್ಲಿ ಎಷ್ಟು ಜನ ಬೇಕಾದರೂ ಇರಬಹುದು ಎಂದು ಮಾಡಿದಳು. ಗಂಡನ ನಂಬರು ಬೇಡ, ಒಟಿಪಿಯೂ ಬೇಡ; ಸಂಘದ ಕಚೇರಿಯಲ್ಲಿ ಒಮ್ಮೆ ಗುರುತು ಹಿಡಿದು ಸೇರಿಸಿದರೆ ಸಾಕು. ಪ್ರತಿಯೊಬ್ಬಳಿಗೂ ಅವಳ ಫೋಟೊ, ಅವಳಿಗಷ್ಟೇ ಗೊತ್ತಿರುವ ನಾಲ್ಕು ಅಂಕಿ. ಮುಂಜಾನೆ ಮೊದಲ ಸಲ ತೆರೆದಾಗ, ಆಮೇಲೆ ಫೋನು ಒಂದು ಗಂಟೆ ಸುಮ್ಮನೆ ಬಿದ್ದಿದ್ದರೆ, ಯಾರು ಎಂದು ಕೇಳುತ್ತದೆ. ಕೈಯಿಂದ ಕೈಗೆ ಕೊಡುವಾಗ ಒತ್ತಲು ಒಂದು ಗುಂಡಿ ಇಟ್ಟಳು. ನೆಟ್‌ವರ್ಕ್ ಇಲ್ಲದ ಜಾಗದಲ್ಲೂ ನಡೆಯುವ ಹಾಗೆ ನೋಡಿಕೊಂಡಳು. ಈ ಸಲ ಅದನ್ನು ಕೋಣೆಯಲ್ಲಿ ಕೂತು ಪರೀಕ್ಷಿಸಲು ಅವಳಿಗೆ ಧೈರ್ಯ ಸಾಲಲಿಲ್ಲ. ಮೊದಲ ಬಸ್ಸಿಗೆ ಹೊರಟು ಪಕೀರಮ್ಮನ ಊರಿಗೇ ಹೋದಳು.

ಬಿಸಿಲು ಇನ್ನೂ ಏರಿರಲಿಲ್ಲ. ದೊಡ್ಡಿಯ ಮುಳ್ಳಿನ ಬೇಲಿಯ ಒಳಗೆ ಕುರಿಗಳು ಒಂದಕ್ಕೊಂದು ಒತ್ತಿ ನಿಂತಿದ್ದವು. ಭೀಮವ್ವ ಒಂದು ಕುರಿಯ ಕುತ್ತಿಗೆ ಹಿಡಿದು ನಿಂತಳು. ಪಕೀರಮ್ಮ ಸೂಜಿ ಮಾಡಿ, ಕೈ ಒರೆಸಿಕೊಂಡು ಫೋನು ಎತ್ತಿಕೊಂಡಳು. ಇಬ್ಬರ ಫೋಟೊ ಬಂದವು. ಅವಳು ತನ್ನದನ್ನು ಒತ್ತಿ, ಭೀಮವ್ವನಿಗೆ ಕಾಣದಂತೆ ಸೆರಗು ಅಡ್ಡ ಹಿಡಿದು ನಾಲ್ಕು ಅಂಕಿ ಹಾಕಿದಳು. "ಅಬಬಾ, ದೊಡ್ಡ ಗುಟ್ಟು!" ಎಂದು ಭೀಮವ್ವ ನಕ್ಕಳು.

ಮೇಲೆ ಹೆಸರು ಬಂತು. ಪಕೀರಮ್ಮ ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು. ಓದಿ ಮುಗಿದ ಮೇಲೂ ನೋಡುತ್ತಲೇ ಇದ್ದಳು.

"ಇದು ನಾಳಿಗೂ ಇರ್ತದೇನ್ರಿ?"

"ನಾಳಿ ಮುಂಜಾನಿ ಮತ್ತ ಯಾರು ಅಂತ ಕೇಳ್ತದ್ರಿ ಅಕ್ಕಾರ. ಹಿಂಗ ಒತ್ತಿದ್ರ ಬರ್ತದ."

"ದಿನಾ ಕೇಳ್ತದೇನ್ರಿ?"

"ದಿನಾ ಕೇಳ್ತದ. ನಿಮಗ ಬ್ಯಾಸರ ಆಗ್ತದಂದ್ರ ವಾರಕ್ಕೊಮ್ಮಿ ಮಾಡ್ತೀನಿ."

"ಬ್ಯಾಡ್ರಿ, ದಿನಾ ಕೇಳ್ಲಿ," ಎಂದಳು ಪಕೀರಮ್ಮ. "ಇಲ್ಲೀತನಕ ನೀ ಯಾರವ್ವಾ ಅಂತ ಅದು ಒಮ್ಮಿನೂ ಕೇಳಿದ್ದಿಲ್ಲ."